ಎಡಗೈಗೊಂದು ಚಾಕು

ಸಾಣೆಕಲ್ಲಿಗೆ ಅಲಗು ತಾಗಿದಾಗ ಒಂದು ವಾಸನೆ ಏಳುತ್ತದೆ. ಬಾಯಲ್ಲಿ ನಾಣ್ಯ ಇಟ್ಟುಕೊಂಡು ಒಲೆಯ ಮುಂದೆ ಕೂತರೆ ಹೇಗೋ ಹಾಗೆ. ಇವತ್ತು ಮುಂಜಾನೆ ನಮ್ಮ ಆಳಂದದ ಓಣಿಯಲ್ಲಿ ಆ ವಾಸನೆ ಎದ್ದಿತು. ಸಾಣೆಯವನು ಬಂದಿದ್ದ. ಮೊದಲೆಲ್ಲ ಸೈಕಲ್ ಮೇಲೆ ಬಂದು ಪೆಡಲು ತುಳಿದು ಕಲ್ಲು ತಿರುಗಿಸುತ್ತಿದ್ದರು, ಈಗ ಮೋಟಾರ್ ಸೈಕಲ್ಲಿಗೇ ಕಲ್ಲು ಕಟ್ಟಿಕೊಂಡಿದ್ದಾರೆ. ಕಿಡಿ ಮಾತ್ರ ಅಂದಿನದೇ. ನನ್ನ ಸೊಸೆ ಸುನಂದಾ ಒಳಗಿನಿಂದ ಒಂದು ಟವೆಲಿನ ಗಂಟು ತಂದು ಕಟ್ಟೆಯ ಮೇಲೆ ಬಿಚ್ಚಿದಳು. ಹನ್ನೊಂದು ಚಾಕು.

ಸಾಣೆಯವನು ಕಣ್ಣರಳಿಸಿದ. "ಆಯೀ, ಮನಿಯಾಗ ಖಾನಾವಳಿ ಇಟ್ಟೀರೇನ್ರಿ? ಇಷ್ಟ್ಯಾಕ ಚಾಕು?"

"ಇವು ಉಳದಿದ್ದು. ಮೊದಲ ಒಂದು ಟ್ರಂಕ್ ತುಂಬ ಇದ್ದವು," ಎಂದೆ.

"ಎದಕ್ರಿ?"

"ಮಂದಿ ಬಳಿ, ಬುಗುಡಿ ಕೂಡಿಸ್ತಾರಲ್ಲ, ಅವರ್ನ ಕೇಳ್ತೀಯೇನು ಎದಕಂತ? ನೀ ಸಾಣಿ ಹಿಡಿ."

ಅವನು ನಕ್ಕು ಸಾಣೆ ಹಿಡಿದ. ಎಲ್ಲ ಮುಗಿದ ಮೇಲೆ ತೆಳ್ಳನೆಯ ಚಾಕುವೊಂದನ್ನು ನಾನು ಎಡಗೈಯಲ್ಲಿ ಎತ್ತಿಕೊಂಡೆ. ಬುಟ್ಟಿಯಲ್ಲಿದ್ದ ಬದನೆಕಾಯಿಯೊಂದನ್ನು ಮಣೆಯ ಮೇಲಿಟ್ಟು ಒತ್ತಿದೆ. ಬದನೆಕಾಯಿ ಉರುಳಿತು. ಮೊಣಕೈಯಿಂದ ತಡೆದು ಮತ್ತೆ ಒತ್ತಿದೆ. ಅಲಗು ನೆಟ್ಟಗೆ ಇಳಿಯದೆ, ಕುಡಿದವನ ಸೈಕಲ್ಲಿನ ಹಾಗೆ ಒಂದು ಕಡೆ ಎಳೆದುಕೊಂಡು ಹೋಗಿ ಮಣೆಯ ಅಂಚು ಕೊಯ್ದಿತು. ಸುನಂದಾ ಓಡಿಬಂದು ಚಾಕು ಕಸಿದುಕೊಂಡಳು.

"ಬ್ಯಾಡ್ರಿ ಅತ್ತೀ, ಕೈ ಕೊಯ್ಕೋತೀರಿ. ಈ ಸಲ ಎಳ್ಳಮವಾಸಿಗಿ ನಾನೇ ಹೆಚ್ಚತೇನಿ. ನೀವು ಸುಮ್ನ ಕೂಡ್ರಿ."

ಸುಮ್ಮನೆ ಕೂಡುವುದು. ಹೋದ ಬೇಸಿಗೆಯಲ್ಲಿ ನನಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದಾಗಿನಿಂದ ನಾನು ಮಾಡುತ್ತಿರುವುದು ಅದನ್ನೇ. ಕಾಲು ಬಂತು, ಮಾತು ಬಂತು, ಬಲಗೈ ಬರಲಿಲ್ಲ. ತೊಡೆಯ ಮೇಲೆ ಯಾರೋ ಮರೆತು ಹೋದ ಚೀಲದ ಹಾಗೆ ಬಿದ್ದಿರುತ್ತದೆ. ಮನೆಯವರು ಒಳ್ಳೆಯವರು, ಹೊತ್ತಿಗೆ ಸರಿಯಾಗಿ ಉಣ್ಣಲು ಕೊಡುತ್ತಾರೆ. ಆದರೆ ಕೆಲಸ ಕೊಡುವುದಿಲ್ಲ. ಕೆಲಸ ಕೊಡದೆ ಬರೀ ಊಟ ಕೊಟ್ಟರೆ ಮನುಷ್ಯ ಬೇಗ ಹಳಸುತ್ತಾನೆ ಎನ್ನುವುದು ನನ್ನ ತಿಳುವಳಿಕೆ.

ನಮ್ಮ ಕಡೆ ಎಳ್ಳಮಾವಾಸ್ಯೆ ಎಂದರೆ ಏನೆಂದು ಬೇರೆ ಕಡೆಯವರಿಗೆ ಹೇಳಬೇಕು. ಅವತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂಮಿತಾಯಿಗೆ ಅಡುಗೆ ಎಡೆ ಹಿಡಿದು, ಆ ಎಡೆಯನ್ನೇ ಚರಗವೆಂದು ಹೊಲದ ತುಂಬ ಚೆಲ್ಲಿ, ಆಮೇಲೆ ಬಂದವರಿಗೆಲ್ಲ ಉಣಬಡಿಸುತ್ತೇವೆ. ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಎಲ್ಲಕ್ಕಿಂತ ಹೆಚ್ಚಾಗಿ ಭಜ್ಜಿ. ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ. ಹಸಿ ಕಡಲೆ, ಹಸಿ ತೊಗರಿ, ಅವರೆ, ಬದನೆ, ಗಜ್ಜರಿ, ಮೆಂತ್ಯೆ, ಉಳ್ಳಾಗಡ್ಡಿ, ಹೊಲದಲ್ಲಿ ಆ ಕಾಲಕ್ಕೆ ಏನೇನು ಇದೆಯೋ ಅಷ್ಟೂ ಹಾಕಿ ಕುದಿಸಿದ ಪಲ್ಯ. ಅದಕ್ಕೆ ಹಿಂದಿನ ದಿನ ಮಧ್ಯಾಹ್ನದಿಂದ ಬುಟ್ಟಿ ಬುಟ್ಟಿ ಹೆಚ್ಚಬೇಕು. ಮದುವೆಯಾಗಿ ಈ ಮನೆಗೆ ಬಂದ ಮೇಲೆ, ಬಾಣಂತನದ ಮೂರು ವರ್ಷ ಬಿಟ್ಟರೆ ಪ್ರತಿ ವರ್ಷ ನಾನೇ ಹೆಚ್ಚಿದ್ದೇನೆ. ಈ ವರ್ಷದ ಎಳ್ಳಮಾವಾಸ್ಯೆಗೆ ಇನ್ನು ಇಪ್ಪತ್ತೊಂದು ದಿನ ಇದೆ. ಒಂದು ಬದನೆಕಾಯಿ ಕೂಡ ಹೆಚ್ಚಲು ಆಗದಿದ್ದರೆ ನಾನು ಈ ಮನೆಯಲ್ಲಿ ಬರೀ ಉಣ್ಣುವ ಬಾಯಿ ಎಂದು ನಾನೇ ಒಪ್ಪಿಕೊಳ್ಳಬೇಕಾಗುತ್ತದೆ. ಬೇರೆ ಯಾರೂ ಹಾಗೆ ಅನ್ನುವುದಿಲ್ಲ. ಅದೇ ಕಷ್ಟ. ಅಂದಿದ್ದರೆ ಜಗಳವಾಡಬಹುದಿತ್ತು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೀ ಎಂದರೆ, ಡಾಕ್ಟರು ಎಡಗೈ ಪಳಗಲಿ ಎಂದು ದಿನಾ ಒಂದು ಪುಟ ಬರೆಯಲು ಹೇಳಿದ್ದಾರೆ. ನಾಲ್ಕು ದಿನ ಓಂ ನಮಃ ಶಿವಾಯ ಬರೆದೆ. ಐದನೆಯ ದಿನ ಶಿವನಿಗೂ ಬೇಸರ ಬಂದಿರಬೇಕು. ನಾನು ನಾಲ್ಕನೇ ಇಯತ್ತೆ ತನಕ ಓದಿದವಳು, ಬಲಗೈ ನೆಟ್ಟಗಿದ್ದಾಗಲೂ ನನ್ನ ಅಕ್ಷರ ಕೋಳಿ ಕೆದರಿದ ಹಾಗೇ ಇದ್ದವು. ಆದ್ದರಿಂದ ನಷ್ಟವೇನಿಲ್ಲ. ದೇವರ ಹೆಸರು ಬಿಟ್ಟು ಇವತ್ತಿನಿಂದ ಚಾಕುಗಳ ಹೆಸರು ಬರೆಯುತ್ತೇನೆ.

ನನ್ನ ತವರು ಅಫಜಲಪುರದ ಕಡೆ, ಭೀಮಾ ನದಿಯ ದಂಡೆ. ಮದುವೆಯಾಗಿ ಬಂದಾಗ ಈ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಈಳಿಗೆ, ಅದು ನಮ್ಮತ್ತೆಯದು. ಅದನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಅವರು ಹೆಚ್ಚಿ ಮುಗಿಸಿ, ತೊಳೆದು, ಬೋರಲು ಹಾಕಿ, ಅದರ ಮೇಲೆ ಕೈಯಿಟ್ಟುಕೊಂಡೇ ಎಲೆ ಅಡಿಕೆ ಹಾಕುತ್ತಿದ್ದರು. ನನಗೆ ಸಿಟ್ಟು. ತವರಿಗೆ ಹೋದಾಗ ಅಫಜಲಪುರದ ಸಂತೆಯಲ್ಲಿ ಒಂದು ಚಾಕು ಕೊಂಡೆ. ಕೆಂಪು ಹಿಡಿಕೆ, ಅಲಗಿನಲ್ಲಿ ಮುಖ ಕಾಣುತ್ತಿತ್ತು. ಕೊಳ್ಳುವ ಮುಂಚೆ ನಾನು ನೋಡಿದ್ದೂ ಅಷ್ಟೇ, ನನ್ನ ಮುಖ. ಅದು ಎಂಟನೆಯ ದಿನ ಕುಂಬಳಕಾಯಿಯಲ್ಲಿ ಸಿಕ್ಕಿಕೊಂಡಿತು. ಎಳೆದರೆ ಹಿಡಿಕೆ ನನ್ನ ಕೈಗೆ ಬಂತು, ಅಲಗು ಕುಂಬಳಕಾಯಿಯಲ್ಲೇ ಉಳಿಯಿತು. ನಮ್ಮತ್ತೆ ಎಲೆ ಅಡಿಕೆ ಅಗಿಯುವುದು ನಿಲ್ಲಿಸಿ ಒಮ್ಮೆ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು.

ಬುದ್ಧಿ ಬಂತೇ? ಇಲ್ಲ. ಆಮೇಲೆ ಹಸಿರು ಹಿಡಿಕೆಯದು, ಮೀನಿನ ಚಿತ್ರ ಇದ್ದದ್ದು, ಮಡಚುವುದು, ಗುಂಡಿ ಒತ್ತಿದರೆ ಜಿಗಿಯುವುದು, ಹೀಗೆ ಎಂಟು ಹತ್ತು ವರ್ಷ ಬರೀ ಹಿಡಿಕೆಗಳನ್ನೇ ಕೊಂಡೆ. ನನ್ನನ್ನು ನೋಡಲು ಗಂಡಿನವರು ಬಂದಾಗಲೂ ನಾನು ಬಾಗಿಲ ಸಂದಿಯಿಂದ ನೋಡಿದ್ದು ರುಮಾಲು ಒಂದನ್ನೇ. ಅಲ್ಲಿ ಅದೃಷ್ಟ ನೆಟ್ಟಗಿತ್ತು, ರುಮಾಲಿನ ಕೆಳಗೆ ಒಳ್ಳೆಯ ಮನುಷ್ಯನಿದ್ದ. ಚಾಕುಗಳಲ್ಲಿ ಹಾಗಾಗಲಿಲ್ಲ.

ಆ ಒಳ್ಳೆಯ ಮನುಷ್ಯನಿಂದಲೂ ಮುಚ್ಚಿಡಬೇಕಾಗಿ ಬಂತು. ಹೆಣ್ಣುಮಗಳಿಗೆ ಸೀರೆಯ ಹುಚ್ಚಿದ್ದರೆ ಗಂಡ ಅರ್ಥ ಮಾಡಿಕೊಳ್ಳುತ್ತಾನೆ, ಚಾಕುವಿನ ಹುಚ್ಚಿದ್ದರೆ ರಾತ್ರಿ ನಿದ್ದೆ ಮಾಡುವುದು ಹೇಗೆ? ಹೊಸದಾಗಿ ಕೊಂಡದ್ದನ್ನು ಜೋಳ ತುಂಬಿಡುವ ಮಣ್ಣಿನ ವಾಡೆಯಲ್ಲಿ ಹುಗಿದಿಡುತ್ತಿದ್ದೆ. ಒಂದು ದಿನ ಅವರು ಬಿತ್ತನೆ ಜೋಳಕ್ಕೆಂದು ವಾಡೆಯಲ್ಲಿ ಮೊಣಕೈ ತನಕ ಕೈ ಹಾಕಿ, ಬೊಬ್ಬೆ ಹೊಡೆದು ಹೊರಗೆ ತೆಗೆದರು. ಹೆಬ್ಬೆರಳು ರಕ್ತ.

"ಜ್ವಾಳದಾಗ ಇಲಿ ಇರ್ತಾವ, ಹಾವು ಇರ್ತಾವ. ಚಾಕು ಇದ್ದಿದ್ದು ನಮ್ಮ ಮನ್ಯಾಗ ಮಾತ್ರ ನೋಡವ್ವಾ," ಎಂದು ಅರಿಸಿನ ಒತ್ತಿಕೊಂಡರು. ಮರುದಿನ ತಾವೇ ಒಂದು ತಗಡಿನ ಟ್ರಂಕು ತಂದುಕೊಟ್ಟರು. ಪ್ರೀತಿಯಿಂದಲೋ ಜೀವಭಯದಿಂದಲೋ ಕೇಳಲಿಲ್ಲ. ಟ್ರಂಕು ಬಂದ ಮೇಲೆ ಅದನ್ನು ತುಂಬಿಸುವ ಹಟ ಬಂತು. ಕಡಗಂಚಿಗೆ ಬೀಗರ ಮನೆಗೆ ಹೋದರೂ ಒಂದು, ಕಲಬುರಗಿಗೆ ಹೋದರೂ ಒಂದು. ಬೇಕೋ ಬೇಡವೋ, ಹಿಂದಿನದಕ್ಕಿಂತ ಬೇರೆ ಇದ್ದರೆ ಸಾಕು.

ಕೊಳ್ಳುವುದನ್ನು ನನಗೆ ಕಲಿಸಿದವಳು ಮಹಬೂಬಿ. ಆಳಂದದ ಸಂತೆಯಲ್ಲಿ ಹಳೆ ಕಬ್ಬಿಣ ಹರವಿಕೊಂಡು ಕೂಡುತ್ತಿದ್ದಳು. ನನ್ನ ವಾರಿಗೆಯವಳೇ, ಬಾಯಿ ನನಗಿಂತ ಜೋರು. ಒಂದು ಸಲ ನಾನು ಫಳಫಳ ಹೊಳೆಯುವ ಚಾಕು ಎತ್ತಿಕೊಂಡೆ. ಆಕೆ ಅದನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕೆ ಒಗೆದು, ತುಕ್ಕು ಹಿಡಿದ ಮುರುಕು ಕುಡುಗೋಲನ್ನು ಎತ್ತಿ ಉಗುರಿನಿಂದ ಟಣ್ ಅನ್ನಿಸಿದಳು.

"ಕಿವೀಲೆ ನೋಡ್ ಯಕ್ಕಾ, ಕಣ್ಣೀಲೆ ಅಲ್ಲ. ಛಲೋ ಲೋಹಾ ಇದ್ರ ದೂರ ತನಕಾ ಗಂಟೀಗತೆ ಹೋಗ್ತದ. ಹಲ್ಕಾ ಇದ್ರ ಡಬ್ ಅಂತದ, ನಮ್ ಮನಿಯವರಗತೆ."

"ನಿಮ್ಮ ಮನಿಯವರು ಕೇಳಿದ್ರ?"

"ಕೇಳ್ಲಿ ತಗೋ. ಡಬ್ ಅಂತಾರ, ಮತ್ತೇನಂತಾರ!"

ಅವತ್ತಿನಿಂದ ನಾನು ಹೊಳಪು ಬಿಟ್ಟೆ. ತುಕ್ಕು ಹಿಡಿದದ್ದು, ಅರ್ಧ ಸವೆದದ್ದು, ಹಿಡಿಕೆ ಇಲ್ಲದ್ದು, ಇಂಥವೇ ನನ್ನ ಟ್ರಂಕು ಸೇರತೊಡಗಿದವು. ಮಂದಿ ಬೇಡವೆಂದು ಒಗೆದದ್ದರಲ್ಲಿ ದನಿ ಇರುವುದನ್ನು ಹುಡುಕುವುದು. ಎಂಥ ಜಂಬ ಬಂತೆಂದರೆ, ಬೇರೆಯವರ ಮನೆಗೆ ಹೋದರೆ ಅವರ ಚಾಕುವಿಗೆ ಉಗುರು ಬಡಿದು ನೋಡಿ ಮುಖ ಸಿಂಡರಿಸುತ್ತಿದ್ದೆ. ಯಾರೂ ನನ್ನನ್ನು ಎರಡನೆಯ ಸಲ ಚಹಾಕ್ಕೆ ಕರೆಯುತ್ತಿರಲಿಲ್ಲ.

ಮಹಬೂಬಿಯ ಅಂಗಡಿಯಲ್ಲಿ ಯಾವಾಗಲೂ ಎರಡು ಗುಂಪೆ ಇರುತ್ತಿದ್ದವು. ಒಂದು ಎಲ್ಲರಿಗೂ. ಇನ್ನೊಂದನ್ನು ಆಕೆ ಗೋಣಿಚೀಲದ ಮೇಲೆ ಬೇರೆ ಇಡುತ್ತಿದ್ದಳು, ಅದು ಮಾಂಸ ಕಂಡ ಕಬ್ಬಿಣ. ನಮ್ಮಂಥ ಲಿಂಗವಂತರ ಮನೆಯವರು ಬಂದರೆ ಗೋಣಿಚೀಲದ ಕಡೆ ಕೈ ಹೋಗದಂತೆ ತಾನೇ ನೋಡಿಕೊಳ್ಳುತ್ತಿದ್ದಳು. ಯಾರೂ ಹೇಳಿದ್ದಲ್ಲ, ಆಕೆಯ ಪದ್ಧತಿ. ಒಂದು ಮಧ್ಯಾಹ್ನ ನಾನು ಹೋದಾಗ ಆಕೆ ನಮಾಜಿಗೆ ಎದ್ದಿದ್ದಳು. ಗೋಣಿಚೀಲದ ಮೇಲೆ ಒಂದು ಉದ್ದನೆಯ ಕರಿ ಚಾಕು ಮಲಗಿತ್ತು. ಉಗುರು ಬಡಿದೆ. ಅಬ್ಬಾ, ಆ ದನಿ! ಮಠದ ಗಂಟೆ ಹೊಡೆದು ಬಿಟ್ಟ ಹಾಗೆ ಎಷ್ಟೋ ಹೊತ್ತು ಬೆರಳಲ್ಲಿ ನಿಂತಿತು. ಗೋಣಿಚೀಲದ ಅರ್ಥ ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಆ ಹೊತ್ತಿಗೆ ನೆನಪು ಮಾಡಿಕೊಳ್ಳಲಿಲ್ಲ. ದುಡ್ಡು ಕಲ್ಲಿನ ಕೆಳಗಿಟ್ಟು ಚಾಕುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದೆ.

ಆ ವರ್ಷದ ಎಳ್ಳಮಾವಾಸ್ಯೆಯ ಭಜ್ಜಿಗೆಲ್ಲ ಅದೇ ಚಾಕು. ಮೆಂತ್ಯೆ ಕೂದಲಿನಷ್ಟು ಸಣ್ಣಗೆ ಬಂತು. ಹೊಲದಲ್ಲಿ ಎಲ್ಲರೂ ಬಾಯಿ ಚಪ್ಪರಿಸಿದರು, ನಮ್ಮತ್ತೆ ಮೊದಲ ಬಾರಿಗೆ ನನ್ನ ಹೆಚ್ಚುವಿಕೆ ಹೊಗಳಿದರು. ಅವತ್ತು ಉಣ್ಣಲು ಮಹಬೂಬಿಯನ್ನೂ ಕರೆದಿದ್ದೆ. ಉಂಡು ಕೈ ತೊಳೆಯಲು ಎದ್ದವಳು ಬುಟ್ಟಿಯಲ್ಲಿದ್ದ ಚಾಕು ನೋಡಿ ನಿಂತೇಬಿಟ್ಟಳು.

"ಯಾ ಅಲ್ಲಾ! ಯಕ್ಕಾ, ಇದು ನಮ್ಮ ಮಾಮೂಂದು! ಬಕ್ರೀದಕ್ಕ... ನಾ ಎರಡು ತಿಂಗಳಾತು ಹುಡಕಾಕತ್ತೇನಿ, ದುಡ್ಡಷ್ಟೇ ಇಟ್ಟು ಯಾರು ಒಯ್ದಾರಂತ!"

ಎಲ್ಲರ ಹೊಟ್ಟೆಯಲ್ಲೂ ಭಜ್ಜಿ. ನಾನು ನಮ್ಮತ್ತೆಯ ಮುಖ ನೋಡಿದೆ. ಮೂರು ಹೊತ್ತು ಶಿವಪೂಜೆ ಮಾಡುವ ಹೆಂಗಸು. ಅವರು ತಂಬಿಗೆಯ ನೀರು ಕುಡಿದು, ಬಾಯಿ ಒರೆಸಿಕೊಂಡು ಹೇಳಿದರು:

"ಉಂಡಿದ್ದು ಹೊಟ್ಟಿಗಿ ಹೋಗ್ಯಾದ, ಅದನ್ನ ಯಾರೂ ಹೊರಗ ತಗ್ಯಾಕ ಬರಂಗಿಲ್ಲ. ಭೂಮ್ತಾಯೀನೂ ಉಂಡಾಳ, ಆಕಿ ಏನೂ ಅಂದಿಲ್ಲ. ಬೆಂಕಿ ಕಂಡ ಕಬ್ಬಿಣಕ್ಕ ಮೈಲಿಗಿ ಇಲ್ಲ. ನಾಳಿಗಿ ಜೇವರ್ಗಿಗಿ ಒಯ್ದು ಕುಲುಮಿಗಿ ಹಾಕ್ಸಿಕೊಂಡು ಬಾ. ಆಳಂದದಾಗ ಬ್ಯಾಡ, ಇಲ್ಲಿ ಕಂಬಾರರ ಕೈಗಿಂತ ಬಾಯಿ ಜೋರ ನಡೀತಾವ." ಆಮೇಲೆ ಮಹಬೂಬಿಯ ಕಡೆ ತಿರುಗಿ, "ನೀ ಕೂಡ್ರವಾ, ಕಡಬು ತಿಂದಿಲ್ಲ ಇನ್ನಾ," ಎಂದರು.

ಮಹಬೂಬಿ ತೀರಿಕೊಂಡು ಆರು ವರ್ಷವಾಯಿತು. ಆಕೆ ಕೂಡುತ್ತಿದ್ದ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಅವಕ್ಕೆ ಉಗುರು ಬಡಿದರೆ ದನಿಯೇ ಬರುವುದಿಲ್ಲ.

ಜೇವರ್ಗಿಯಲ್ಲಿ ನಮ್ಮತ್ತೆಯ ತವರಿನ ಕಂಬಾರ ಮಾನಪ್ಪ ಆ ಕರಿ ಚಾಕುವನ್ನು ಕೆಂಪಗೆ ಕಾಯಿಸಿ ಬಡಿದು, ಹೊಸದಾಗಿ ಅಂಚು ಹಿಡಿದುಕೊಟ್ಟ. ನಾನು ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದಲ್ಲಿ ಕೂತು ನೋಡಿದೆ, ಬಸ್ಸು ತಪ್ಪಿಸಿಕೊಂಡೆ. ಅದಾದ ಮೇಲೆ ಸಂತೆಯಲ್ಲಿ ಕೊಳ್ಳುವುದೇ ನಿಂತಿತು. ಮಾಡಿದ್ದನ್ನು ಕೊಳ್ಳುವುದು ಬಿಟ್ಟು ಮಾಡಿಸುವುದು ಶುರುವಾಯಿತು. ವರ್ಷಕ್ಕೊಂದು, ಕೆಲವು ಸಲ ಎರಡು ವರ್ಷಕ್ಕೊಂದು. ಮಾನಪ್ಪ ಲಾರಿಯ ಕೆಳಗಿನ ಹಳೆ ಪಟ್ಟಿ ಕತ್ತರಿಸಿ ಮಾಡುತ್ತಿದ್ದ. ಪ್ರತಿ ಸಲ ನನ್ನ ಕೈ ಅಳತೆ ನೋಡುತ್ತಿದ್ದ, "ಹೋದ ವರ್ಷಕ್ಕಿಂತ ಗಂಟು ಉಬ್ಬ್ಯಾವ ನೋಡ್ರಿ," ಎಂದು ಹಿಡಿಕೆ ಒಂದು ನೂಲು ದಪ್ಪ ಮಾಡುತ್ತಿದ್ದ. ಅಂಥದ್ದು ಕೈಗೆ ಬಂದ ಮೇಲೆ ಟ್ರಂಕಿನಲ್ಲಿದ್ದ ಉಳಿದವು ಯಾಕೆ ಬೇಕು? ಕೆಂಪು ಹಿಡಿಕೆ, ಹಸಿರು ಹಿಡಿಕೆ ಎಲ್ಲವನ್ನೂ ಕೇಳಿದವರಿಗೆ ಕೊಟ್ಟೆ. ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನೆಲದ ಮೇಲಿಟ್ಟು, "ತಗೋ" ಎನ್ನುವುದು. ಆಮೇಲೆ ಮಾಡಿಸುವುದೂ ನಿಂತಿತು. ಹನ್ನೊಂದು ಉಳಿದವು, ಹನ್ನೊಂದೂ ಸಾಕಾದವು. ಆಸೆ ತೀರಿತೆಂದು ತಿಳಿದಿದ್ದೆ.

ಇಷ್ಟು ಬರೆದ ಮೇಲೆ ಪೆನ್ನು ಕೆಳಗಿಟ್ಟೆ. ಟವೆಲ್ಲು ಬಿಚ್ಚಿ ಹನ್ನೊಂದನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದೆ. ಒಂದು ಮೈ ಸಪಾಟು, ಒಂದು ಮೈ ಇಳಿಜಾರು. ಪೇಟೆಯ ಚಾಕುವಿಗೆ ಎರಡೂ ಮೈ ಒಂದೇ ಥರ ಇರುತ್ತದೆ. ಮಾನಪ್ಪನವು ಹಾಗಲ್ಲ, ಹೋಳು ತಾನಾಗಿ ಹೊರಗೆ ಬೀಳಲೆಂದು ಒಂದೇ ಕಡೆ ಇಳಿಜಾರು ಹಿಡಿದವು. ಯಾವ ಕಡೆ? ಬಲಗಡೆ. ಎಲ್ಲವೂ ಬಲಗಡೆ. ಅದಕ್ಕೇ ಎಡಗೈಯಲ್ಲಿ ಹಿಡಿದರೆ ಅಡ್ಡ ಎಳೆಯುತ್ತದೆ. ನೋಡಿ ನನ್ನ ಶಾಣ್ಯಾತನ. ಜೀವಮಾನವೆಲ್ಲ ಚಾಕು ಆರಿಸುವುದು ಕಲಿತು ಕಲಿತು, ಕೊನೆಗೆ ಒಂದು ಕೈಗೆ ಬಿಟ್ಟು ಮತ್ತೊಂದಕ್ಕೆ ಒಗ್ಗದಂಥ ಹನ್ನೊಂದನ್ನು ಇಟ್ಟುಕೊಂಡು ಕೂತಿದ್ದೇನೆ. ಆ ಕೈಯೇ ಈಗ ಇಲ್ಲ.

ಸುನಂದಾ ಚಹಾ ತಂದಳು. "ಜೇವರ್ಗಿಗಿ ಹೋಗೂಣು," ಎಂದೆ.

"ಈಗ? ಅಲ್ಲೇನದ್ರಿ ಅತ್ತೀ?"

"ಒಂದು ಚಾಕು ಕೊಳ್ಳೂದದ."

ಆಕೆ ಚಹಾದ ಕಪ್ಪು ನೋಡಿದಳು, ಹನ್ನೊಂದು ಚಾಕು ನೋಡಿದಳು, ನನ್ನ ಮುಖ ನೋಡಿದಳು. ಲಕ್ವ ತಲೆಗೂ ಏರಿತೆಂದು ಅಂದುಕೊಂಡಿರಬೇಕು.

*

ಇಪ್ಪತ್ತೈದು ದಿನ ಈ ಕಾಗದ ಮುಟ್ಟಲಿಲ್ಲ. ಡಾಕ್ಟರು ಕ್ಷಮಿಸಲಿ, ಎಡಗೈಗೆ ಬೇರೆ ಕೆಲಸ ಇತ್ತು.

ಹೋಗುವ ಮುಂಚೆ ಸುನಂದಾ ತನಗೆ ತಿಳಿದ ಉಪಾಯ ಎಲ್ಲ ಮಾಡಿದಳು, ಅದನ್ನು ಹೇಳಬೇಕು. ಮೊಬೈಲಿನಲ್ಲಿ ಒಂದು ಡಬ್ಬಿ ತರಿಸಿದಳು. ಅದರಲ್ಲಿ ಉಳ್ಳಾಗಡ್ಡಿ ಹಾಕಿ, ಮುಚ್ಚಿ, ದಾರ ಎಳೆದರೆ ತಾನೇ ಹೆಚ್ಚುತ್ತದೆ. ದಾರ ಎಳೆದೆ. ಡಬ್ಬಿ ದಾರದ ಹಿಂದೆಯೇ ನನ್ನ ಮಡಿಲಿಗೆ ಬಂತು. ಒಂದು ಕೈಯಲ್ಲಿ ಡಬ್ಬಿ ಒತ್ತಿ ಹಿಡಿದು ಇನ್ನೊಂದರಲ್ಲಿ ಎಳೆಯಬೇಕಂತೆ. ಒಂದು ಕೈಯವಳಿಗೆ ಎರಡು ಕೈಯ ಯಂತ್ರ. ಇಬ್ಬರೂ ನಕ್ಕೆವು. ಬಸ್ಸಿನ ಟಿಕೀಟು ಆಕೆಯೇ ತೆಗೆಸಿದಳು.

ಮಾನಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ. ಹೊರಸಿನ ಮೇಲೆ ಕೂತಿರುತ್ತಾನೆ. ಕುಲುಮೆ ನಡೆಸುವವಳು ಅವನ ಮಗಳು ಕಾಳಮ್ಮ. ತಿದಿಯ ಬದಲು ಕರೆಂಟಿನ ಗಾಳಿ, ಸುತ್ತಿಗೆ ಮಾತ್ರ ಅಪ್ಪನದೇ. ನಾನು ದನಿ ಮಾಡಿದ ಕೂಡಲೇ ಮಾನಪ್ಪ, "ಆಳಂದದ ಅಕ್ಕಾರು. ಏಳೆಂಟು ವರ್ಷ ಆತ್ರಿ. ಕೈ ಕೊಡ್ರಿ," ಎಂದು ತನ್ನ ಕೈ ಚಾಚಿದ. ನಾನು ಎಡಗೈ ಕೊಟ್ಟೆ. ಸುನಂದಾ ಬಲಗೈಯ ವಿಷಯ ಹೇಳಲು ಬಾಯಿ ತೆರೆದಳು. ಬೇಕಾಗಲಿಲ್ಲ. ಅವನು ಹೆಬ್ಬೆರಳಿನಿಂದ ನನ್ನ ಅಂಗೈ, ಬೆರಳ ಗಂಟು, ಮಣಿಕಟ್ಟು ಎಲ್ಲ ಒತ್ತಿ ಒತ್ತಿ ನೋಡಿ ನಕ್ಕುಬಿಟ್ಟ.

"ಅಕ್ಕಾರ, ಈ ಕೈ ಇನ್ನಾ ಹುಡುಗಿ ಅದ್ರೀ! ದಡ್ಡಿಲ್ಲ, ಗಂಟಿಲ್ಲ. ಇಷ್ಟು ವರ್ಷ ಬಲಗೈ ಅಕ್ಕನ್ನ ದುಡ್ಯಾಕ ಹಚ್ಚಿ ಇದು ಕೂತು ಉಂಡಾದ. ಇನ್ನರ ದುಡೀಲಿ."

ಕಾಳಮ್ಮ ಮಾತ್ರ ಹಿಂದೆ ಸರಿದಳು. "ಎಡಗೈ ಚಾಕು ನಾ ಮಾಡಿಲ್ರಿ ಆಯೀ. ಯಾರೂ ಕೇಳಂಗಿಲ್ಲ. ನನ್ನ ಕೈ ಆ ಕಡಿಗಿ ಹೊಳ್ಳಂಗಿಲ್ಲ."

"ನಂದೂ ಹೊಳ್ಳತಿರ್ಲಿಲ್ಲ, ಹೊಳ್ಳಸಾಕತ್ತೇನಿ. ಹಚ್ಚು ಬೆಂಕಿ," ಎಂದೆ.

ಹಚ್ಚಿದಳು. ಪಟ್ಟಿ ಕಾಯಿಸಿದಳು, ಬಡಿದಳು, ನೀರಿಗೆ ಹಾಕಿದಳು, ಕಲ್ಲಿಗೆ ಹಿಡಿದು ಅಂಚು ತೆಗೆದಳು, ಬೆವರು ಒರೆಸಿಕೊಂಡು ಅಪ್ಪನ ಕೈಗೆ ಕೊಟ್ಟಳು. ಮಾನಪ್ಪ ಅಂಚಿನ ಮೇಲೆ ಬೆರಳಾಡಿಸಿ, "ಛಲೋ ಆಗ್ಯಾದ. ಬಲಗೈಯವರಿಗಿ ಮಾರಿಬಿಡು," ಎಂದ. ಮಾತಾಡುತ್ತ ಮಾತಾಡುತ್ತ ಆಕೆಯ ಕೈ ರೂಢಿಯಂತೆ ಬಲಗಡೆಗೇ ಇಳಿಜಾರು ಹಿಡಿದಿತ್ತು! ಕಾಳಮ್ಮ ಹಣೆ ಹಣೆ ಬಡಿದುಕೊಂಡಳು. ಎರಡನೆಯದಕ್ಕೆ ಅಲಗಿನ ಒಂದು ಮೈಗೆ ಸುಣ್ಣ ಬಳಿದುಕೊಂಡಳು, ಸುಣ್ಣ ಇದ್ದ ಕಡೆಯೇ ಕಲ್ಲಿಗೆ ಹಿಡಿಯಬೇಕೆಂದು. ಅದು ಸರಿಯಾಗಿ ಬಂತು. ಅಷ್ಟರಲ್ಲಿ ಎರಡು ಬಸ್ಸು ಹೋಗಿದ್ದವು.

"ಹೆಚ್ಚೂದು ಒಂದು ಕೈಲೆ ಆತು. ಕಾಯಿ ಹಿಡ್ಯಾವರ್ಯಾರು?" ಎಂದು ಕೇಳಿದವಳೂ ಕಾಳಮ್ಮನೇ. ಮೂಲೆಯಲ್ಲಿದ್ದ ಬೇವಿನ ಮಣೆಗೆ ಕೆಳಗಿನಿಂದ ಮೂರು ಮೊಳೆ ಹೊಡೆದು, ಮೇಲೆ ಬಂದ ಚೂಪನ್ನು ಅರದಿಂದ ತಿದ್ದಿದಳು. ಬದನೆಕಾಯಿಯನ್ನು ಅದಕ್ಕೆ ಚುಚ್ಚಿ ಕೂಡಿಸಿದರೆ ಅಲ್ಲಾಡುವುದಿಲ್ಲ. ನಾನು ಜೀವಮಾನದಲ್ಲಿ ಕೊಂಡ ಚಾಕುಗಳಲ್ಲಿ ಇದೊಂದೇ, ನೋಡಿ ಆಸೆಪಟ್ಟು ಕೊಂಡದ್ದಲ್ಲ. ಆರಿಸಲಿಲ್ಲ, ಉಗುರು ಬಡಿದು ಕೇಳಲೂ ಇಲ್ಲ.

ಮನೆಗೆ ಬಂದು ದಿನಾ ಕೂತೆ. ಮೊದಲ ವಾರ ನನ್ನ ಹೋಳುಗಳನ್ನು ನೋಡಿದರೆ ಯಾರೋ ಕಲ್ಲಿನಿಂದ ಜಜ್ಜಿದ್ದಾರೆ ಅನ್ನಿಸುತ್ತಿತ್ತು. ಬೆರಳು ಎರಡು ಸಲ ಕೊಯ್ದುಕೊಂಡೆ. ಅದು ಬಲಗೈಯ ಬೆರಳು, ಮಣೆಯ ಮೇಲೆ ಸುಮ್ಮನೆ ಮಲಗಿತ್ತು. ನೋವೂ ಆಗಲಿಲ್ಲ, ಸುನಂದಾ ನೋಡಿ ಕೂಗಿಕೊಂಡ ಮೇಲೆಯೇ ತಿಳಿದದ್ದು. ಅವತ್ತು ಆಕೆ ಮಣೆ ಎತ್ತಿ ಅಟ್ಟದ ಮೇಲಿಟ್ಟಳು. ನಾನು ಊಟ ಬಿಟ್ಟೆ. ಒಂದೇ ಹೊತ್ತು, ಹಸಿವು ತಡೆಯುವ ವಯಸ್ಸಲ್ಲ. ಸಂಜೆ ಮಣೆ ಕೆಳಗೆ ಬಂತು. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಬೆನ್ನ ಹಿಂದೆ ಸೇರಿಸಿ, "ಇದು ಈ ಕಡಿಗಿ ಬರಬಾರದು," ಎಂದು ಆಕೆ ಕರಾರು ಮಾಡಿದಳು.

ಎಳ್ಳಮಾವಾಸ್ಯೆಯ ಹಿಂದಿನ ದಿನ ಸರಸಂಬಾದಿಂದ ನಾದಿನಿ ಗುರುಬಾಯಿ ಬಂದಳು. ಪಡಸಾಲೆಯಲ್ಲಿ ಗಜ್ಜರಿ, ಬದನೆಕಾಯಿ, ಮೆಂತ್ಯೆಯ ರಾಶಿ. ನಾನು ಮಣೆಯ ಮುಂದೆ ಕೂತಿದ್ದೆ. ಗುರುಬಾಯಿ ಹೊಸ್ತಿಲಲ್ಲೇ ನಿಂತಳು.

"ಎಡಗೈಲೆ? ವೈನೀ, ಇದು ಮನಿ ಪಲ್ಯಾ ಅಲ್ಲ, ಭೂಮ್ತಾಯಿಗಿ ಎಡಿ ಹಿಡ್ಯೂದು. ಎಡಗೈಲೆ ಹೆಚ್ಚಿದ್ದು ಚರಗಾ ಚೆಲ್ಲತಾರೇನು? ಮಂದಿ ಏನಂದಾರು? ಬಿಡು, ಸುನಂದಾ ಹೆಚ್ಚಲಿ."

ಸುನಂದಾ ನನ್ನನ್ನು ನೋಡಿದಳು. ಆಕೆ ಒಂದು ಮಾತು ಅಂದಿದ್ದರೆ ನಾನು ಎದ್ದುಬಿಡುತ್ತಿದ್ದೆ. ಯಾಕೆಂದರೆ ಆ ಅನುಮಾನ ನನಗೂ ಇತ್ತು. ಎಡಗೈಯಲ್ಲಿ ಊಟ ಬಡಿಸಿದರೆ ಕೈಮೇಲೆ ಹೊಡೆದು ಬೆಳೆಸಿದವರು ನಮ್ಮನ್ನು. ನಾನು ಚಾಕು ಕೆಳಗಿಟ್ಟೆ.

"ಗುರುಬಾಯಿ, ಇವತ್ತು ಮುಂಜಾನಿ ಪೂಜಿ ಮಾಡೀಯಿಲ್ಲ?"

"ಮಾಡ್ಲಾರ್ದ ಇರ್ತೇನೇನು?"

"ಲಿಂಗಪ್ಪನ್ನ ಯಾವ ಕೈಯಾಗ ಕೂಡ್ಸಿದಿ?"

ಗುರುಬಾಯಿಯ ಕಣ್ಣು ತನ್ನ ಎಡಗೈಗೆ ಹೋಯಿತು. ನಮ್ಮಲ್ಲಿ ಹೆಣ್ಣಾಗಲಿ ಗಂಡಾಗಲಿ, ಲಿಂಗವನ್ನು ಕೂಡಿಸಿಕೊಳ್ಳುವುದು ಎಡಗೈಯ ಅಂಗೈಯಲ್ಲಿ. ಬಲಗೈ ಬರೀ ನೀರು, ವಿಭೂತಿ, ಪತ್ರಿ ಕೊಡುವ ಆಳು. ಹೋದ ಬೇಸಿಗೆಯಿಂದ ನನಗೆ ಆ ಆಳಿನ ಕೆಲಸ ಸುನಂದಾ ಮಾಡುತ್ತಿದ್ದಾಳೆ. ಕೂಡಿಸಿಕೊಳ್ಳುವ ಕೈ ಒಂದು ದಿನವೂ ತಪ್ಪಿಸಿಲ್ಲ.

"ದೇವರಿಗಿ ನಡ್ಯೂ ಕೈ ಬದನಿಕಾಯಿಗಿ ನಡ್ಯಾಂಗಿಲ್ಲೇನು?" ಎಂದೆ.

ಸುನಂದಾ ಮೆಂತ್ಯೆಯ ಸೂಡಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೆಂದು ಭುಜ ನೋಡಿದರೆ ತಿಳಿಯುತ್ತಿತ್ತು. ಗುರುಬಾಯಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. "ನಿನ್ನ ಬಾಯಿಗರ ಲಕ್ವಾ ಹೊಡೀಬೇಕಿತ್ತು ನೋಡು," ಎಂದು ಅವರೆಕಾಯಿ ಸುಲಿಯತೊಡಗಿದಳು.

"ಮೊದಲ ಬಾಯಿಗೇ ಹೊಡದಿತ್ತು, ಅದು ಲಗೂನ ಎದ್ದು ಬಂತು."

ಸುನಂದಾ ಹತ್ತು ಹೆಚ್ಚುವ ಹೊತ್ತಿಗೆ ನಾನು ಒಂದು. ಸಂಜೆ ದೀಪ ಹಚ್ಚುವ ತನಕ ಹದಿನಾಲ್ಕು ಬದನೆಕಾಯಿ, ಒಂಬತ್ತು ಗಜ್ಜರಿ ಆದವು. ಮೆಂತ್ಯೆ ನನ್ನಿಂದ ಆಗಲಿಲ್ಲ, ಆಗುತ್ತದೆಂದು ಸುಳ್ಳು ಹೇಳುವುದಿಲ್ಲ. ಮರುದಿನ ಹೊಲದಲ್ಲಿ ಮಗ ಚರಗ ಚೆಲ್ಲಿ ಬಂದ. ಭೂಮಿತಾಯಿ ಏನೂ ಅನ್ನಲಿಲ್ಲ. ಗುರುಬಾಯಿ ಉಣ್ಣುತ್ತ ಉಣ್ಣುತ್ತ ತನ್ನ ತಾಟಿನಿಂದ ಒಂದು ಹೋಳು ಎತ್ತಿ ಎಲ್ಲರಿಗೂ ತೋರಿಸಿದಳು. ಒಂದು ಕಡೆ ದಪ್ಪ, ಒಂದು ಕಡೆ ತೆಳು.

"ಇದು ನಮ್ಮ ವೈನೀದು. ಎಲ್ಲಿದ್ರೂ ಗುರ್ತು ಸಿಗ್ತದ." ಅದನ್ನು ಬಾಯಿಗೆ ಹಾಕಿಕೊಂಡು, "ಇನ್ನೊಂದು ಸೌಟು ಹಾಕು," ಎಂದಳು.

ಕಾಳಮ್ಮನಿಗೆ ಫೋನು ಮಾಡಿಸಿ ಇನ್ನೂ ಎರಡು ಎಡಗೈ ಚಾಕು ಹೇಳಿದ್ದೇನೆ. ನನಗಲ್ಲ. ಕೈಗೆ ಮಾಲೀಸು ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋದಾಗ ನನ್ನ ಪಕ್ಕದಲ್ಲಿ ಅಫಜಲಪುರದ ಒಬ್ಬಳು ಕೂಡುತ್ತಾಳೆ, ಆಕೆಗೊಂದು. ಇನ್ನೊಂದು ಯಾರಿಗೆಂದು ಇನ್ನೂ ಗೊತ್ತಿಲ್ಲ, ಯಾರಾದರೂ ಸಿಗುತ್ತಾರೆ. ಕೊಳ್ಳುವ ಚಟ ಬಿಟ್ಟಿತೆಂದು ಅಂದುಕೊಂಡಿದ್ದೆ. ಬಿಟ್ಟಿಲ್ಲ, ದಾರಿ ಬದಲಿಸಿದೆ.

ಈಗ ಕಟ್ಟೆಯ ಮೇಲೆ ಕೂತು ಇಷ್ಟು ಬರೆಯುವ ಹೊತ್ತಿಗೆ ಒಳಗಿನಿಂದ ಸುನಂದಾ ಬಂದಳು. ಕೈಯಲ್ಲಿ ಬೆಳ್ಳುಳ್ಳಿ ಸಿಪ್ಪೆ, ಮುಖದಲ್ಲಿ ಗಡಿಬಿಡಿ. ಕೇಳಲಿಲ್ಲ, ಬೇಡ ಅನ್ನಲಿಲ್ಲ, ನನ್ನ ಕೈ ನೋಡಲಿಲ್ಲ. ಕಾಗದದ ಮೇಲೆಯೇ ಆರು ಉಳ್ಳಾಗಡ್ಡಿ ಸುರಿದಳು.

"ಅತ್ತೀ, ಸುಮ್ನ ಕೂತೀರಿ, ಇವಿಷ್ಟು ಹೆಚ್ಚಿ ಕೊಡ್ರಿ. ಲಗೂನ. ಎಣ್ಣಿ ಕಾದಾದ."

"ಏನ ಬೇ, ಮುದುಕಿಗಿ ಒಂದು ಗಳಿಗಿ ಆರಾಮ ಬ್ಯಾಡೇನು?" ಎಂದು ಬೈದೆ. ಆಕೆ ಆಗಲೇ ಒಳಗೆ ಹೋಗಿದ್ದಳು. ಎಣ್ಣೆ ಕಾದಿದೆ, ಏಳುತ್ತೇನೆ.